ಕೈಯಿಟ್ಟಲ್ಲೇ ಕೈಕೊಟ್ಟ ಮೂರನೇ ಗೇರು

ಇಳಿಜಾರಿನಲ್ಲಿ ಒಂದು ತಿರುವು. ಮೂರನೇ ಗೇರಿನಲ್ಲಿ ಬರುತ್ತಿದ್ದೆ. ತಿರುವಿಗೆ ಸ್ವಲ್ಪ ಮುಂಚೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ, ಅಷ್ಟೇ. ಟಕ್ ಅಂತ ಒಂದು ಸದ್ದು. ಗೇರ್ ಲಿವರ್ ಯಾರೋ ತಳ್ಳಿದ ಹಾಗೆ ತಾನೇ ಹಿಂದಕ್ಕೆ ಬಂದು ನ್ಯೂಟ್ರಲ್‌ನಲ್ಲಿ ನಿಂತಿತು. ಎಂಜಿನ್ನಿನ ಹಿಡಿತ ಕಳಚಿದ ಕಾರು ಒಂದು ಕ್ಷಣ ಹಗುರಾಗಿ ಮುಂದಕ್ಕೆ ಜಾರಿತು, ಆರ್‌ಪಿಎಂ ಮುಳ್ಳು ಧೊಪ್ಪನೆ ಕೆಳಗಿಳಿಯಿತು. ಬ್ರೇಕ್ ಒತ್ತಿದೆ, ತಿರುವು ದಾಟಿದೆ, ಮತ್ತೆ ಮೂರಕ್ಕೆ ತಳ್ಳಿದೆ. ಏನೂ ಆಗೇ ಇಲ್ಲವೆಂಬಂತೆ ಹೋಗಿ ಕೂತಿತು.

ಮೊದಲ ಸಲ ಹೀಗಾದಾಗ ಮನುಷ್ಯ ತನ್ನನ್ನೇ ಅನುಮಾನಿಸುತ್ತಾನೆ. ಸರಿಯಾಗಿ ಹಾಕಿರಲಿಲ್ಲವೇನೋ, ಮೊಣಕೈ ತಗುಲಿತೇನೋ ಅಂತ. ಎರಡನೇ ಸಲಕ್ಕೆ ರಸ್ತೆಯ ಗುಂಡಿಯ ಮೇಲೆ ಹಾಕುತ್ತಾನೆ. ಮೂರನೇ ಸಲದ ಹೊತ್ತಿಗೆ ನನ್ನ ಕೈ ತಾನೇ ಒಂದು ಉಪಾಯ ಕಲಿತಿತ್ತು. ಕಾಲು ತೆಗೆಯುವ ಮುನ್ನ ಅಂಗೈಯನ್ನು ಲಿವರ್ ಮೇಲಿಟ್ಟು, ಮುಂದಕ್ಕೆ ಒತ್ತಿ ಹಿಡಿದುಕೊಳ್ಳುವುದು. ಗೇರು ಎಗರುವುದು ನಿಂತಿತು. ಎಂಟು ತಿಂಗಳು ಹಾಗೇ ಓಡಿಸಿದೆ, ಭಾರೀ ಜಾಣತನ ಅಂದುಕೊಂಡು.

ಕಾರು ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ಐದು ಗೇರು. ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ, ಪಾಪ ಅವರದೇನೂ ತಪ್ಪಿಲ್ಲ. ಇಂಥ ಕಾರುಗಳಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯ ಮೇಲೇ ಕೂತಿರುತ್ತದೆ. ಮಧ್ಯೆ ಕೇಬಲ್ ಇಲ್ಲ, ಉದ್ದನೆಯ ರಾಡ್ ಇಲ್ಲ. ಗೇರ್ ಹಾಕುವಾಗ ಬೆರಳಿಗೆ ಸಿಗುವ ಆ ಗಟ್ಟಿಯಾದ, ಚಿಕ್ಕದಾದ 'ಕಟಕ್' ಇದೆಯಲ್ಲ, ಎಷ್ಟೋ ಜನ ಇಂಥ ಕಾರನ್ನು ಅದಕ್ಕಾಗಿಯೇ ಇಟ್ಟುಕೊಂಡಿರುತ್ತಾರೆ. ನಾನೂ ಅವರಲ್ಲೊಬ್ಬ. ಎಂಜಿನ್ ಹಿಂದೆ ಇರುವ ಕಾರುಗಳ ಕಥೆ ಬೇರೆ. ಏರ್ ಕೂಲ್ಡ್ ಕಾಲದ ಪೋರ್ಷೆ 911ರಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಕಾರಿನ ನಡುವಿನ ಸುರಂಗದಲ್ಲಿ ಒಂದು ರಾಡ್ ಹಾದುಹೋಗುತ್ತದೆ. ಲೋಟಸ್ ಎಲಿಸ್‌ನಲ್ಲಿ ಕೇಬಲ್‌ಗಳಿವೆ. ಅಂಥ ಕಾರಿನಲ್ಲಿ ಗೇರು ಎಗರಿದರೆ ಬಾಕ್ಸ್ ಬಿಚ್ಚುವ ಮಾತೇ ಮೊದಲು ಬರಬಾರದು. ಸವೆದ ಬುಷ್, ಸಡಿಲವಾದ ಕ್ಲಾಂಪ್, ತಪ್ಪಿದ ಅಡ್ಜಸ್ಟ್‌ಮೆಂಟ್, ಎಂಜಿನ್ ಮೌಂಟಿಂಗಿನ ಸತ್ತ ರಬ್ಬರ್, ಇಷ್ಟನ್ನೂ ನೋಡಿ ಮುಗಿಸಬೇಕು. ಮೌಂಟಿಂಗ್ ಸತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಅಲುಗುತ್ತವೆ. ಲಿವರ್ ಮಾತ್ರ ಬಾಡಿಯ ಜೊತೆ ಇದ್ದಲ್ಲೇ ಇರುತ್ತದೆ. ಆಗ ಗೇರನ್ನು ಹೊರಗೆಳೆಯುವುದು ನಡುವಿನ ಆ ರಾಡು-ಕೇಬಲ್ಲಿನ ಲಿಂಕೇಜೇ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಸಿಂಕ್ರೊ ಹೋಗಿರುತ್ತೆ ಬಿಡು." ಮ್ಯಾನುಯಲ್ ಗೇರ್‌ಬಾಕ್ಸಿಗೆ ಯಾವ ಕಾಯಿಲೆ ಬಂದರೂ ಸಿಂಕ್ರೊ ಮೇಲೆ ಹಾಕುವುದು ವಾಡಿಕೆ. ನಾನೂ ಕೆಲವು ದಿನ ನಂಬಿದೆ. ಆದರೆ ಯೋಚಿಸಿ ನೋಡಿದರೆ ಇದು ಬಾಗಿಲು ಕಾಯುವವನನ್ನು ಹಿಡಿದು, ಒಳಗಿದ್ದವನು ಯಾಕೆ ಎದ್ದುಹೋದ ಅಂತ ಕೇಳಿದ ಹಾಗೆ. ಸಿಂಕ್ರೊ ರಿಂಗಿನ ಕೆಲಸ ಗೇರು ಒಳಗೆ ಹೋಗುವ ಮುನ್ನ ಎರಡು ವೇಗಗಳನ್ನು ಸಮ ಮಾಡುವುದು. ಅಷ್ಟಕ್ಕೇ ಅದರ ಪಾಳಿ ಮುಗಿಯಿತು. ಅದು ಸವೆದರೆ ಗೇರ್ ಹಾಕುವಾಗ ಕರ್ರ್ ಅನ್ನುತ್ತದೆ. ಹಾಕಿದ ಗೇರನ್ನು ಹಿಡಿದಿಡುವುದು ಅದರ ಕೆಲಸವೇ ಅಲ್ಲ. ಸಿಂಕ್ರೊಮೆಶ್ ಅನ್ನು 1928ರಲ್ಲಿ ಕ್ಯಾಡಿಲಾಕ್ ತಂದಿತು. ಅದಕ್ಕೂ ಮುಂಚಿನವರು ಕ್ಲಚ್ಚನ್ನು ಎರಡೆರಡು ಸಲ ಒತ್ತಿ, ಎಂಜಿನ್ ಸದ್ದು ಕೇಳಿಕೊಂಡು, ಅಂದಾಜಿನ ಮೇಲೆ ಗೇರು ಕೂರಿಸುತ್ತಿದ್ದರು. ಸಿಂಕ್ರೊ ಇಲ್ಲದ ಆ ಬಾಕ್ಸುಗಳಲ್ಲೂ ಒಮ್ಮೆ ಕೂತ ಗೇರು ಕೂತೇ ಇರುತ್ತಿತ್ತು. ನನ್ನ ಮೂರನೇ ಗೇರು ಬೆಣ್ಣೆಯಂತೆ ಒಳಗೆ ಹೋಗುತ್ತಿತ್ತು. ರಗಳೆಯೆಲ್ಲ ಹೋದಮೇಲಿನದು.

ಹಾಗಾದರೆ ಹಿಡಿದಿಡುವುದು ಯಾವುದು?

ಗೇರ್‌ಬಾಕ್ಸ್ ಅಂದ ಕೂಡಲೇ ಎರಡು ಹಲ್ಲಿನ ಚಕ್ರಗಳು ಹತ್ತಿರ ಬಂದು ಒಂದಕ್ಕೊಂದು ಕಚ್ಚಿಕೊಳ್ಳುವ ಚಿತ್ರ ಮನಸ್ಸಿಗೆ ಬರುತ್ತದೆ. ಒಳಗೆ ನಡೆಯುವುದು ಹಾಗಲ್ಲ. ಮುಂದಕ್ಕೆ ಓಡಿಸುವ ಗೇರುಗಳೆಲ್ಲ ತಮ್ಮ ತಮ್ಮ ಜೋಡಿಯ ಜೊತೆ ಸದಾಕಾಲ ಕಚ್ಚಿಕೊಂಡೇ ಇರುತ್ತವೆ. ಆದರೆ ಮುಖ್ಯ ಶಾಫ್ಟಿನ ಮೇಲೆ ಅವಕ್ಕೆ ಹಿಡಿತವಿಲ್ಲ, ನೀಡಲ್ ಬೇರಿಂಗಿನ ಮೇಲೆ ಸುಮ್ಮನೆ ಸುತ್ತುತ್ತಿರುತ್ತವೆ. ಶಾಫ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದು ನಡುವಿನ ಹಬ್. ಹಬ್ಬಿನ ಮೇಲೆ ಬಳೆಯಂಥ ಒಂದು ಸ್ಲೀವ್ ಹಿಂದೆಮುಂದೆ ಸರಿಯುತ್ತದೆ. ಗೇರಿನ ಪಕ್ಕಕ್ಕೆ ಸಣ್ಣ ಸಣ್ಣ ಹಲ್ಲುಗಳ ಇನ್ನೊಂದು ಸಾಲು ಇರುತ್ತದೆ, ಅವು ಡಾಗ್ ಹಲ್ಲುಗಳು. ನಾವು ಲಿವರ್ ತಳ್ಳಿದಾಗ ಒಂದು ಫೋರ್ಕ್ ಆ ಬಳೆಯನ್ನು ಡಾಗ್ ಹಲ್ಲುಗಳ ಮೇಲಕ್ಕೆ ಸರಿಸುತ್ತದೆ. ಗೇರು, ಹಬ್ಬು, ಶಾಫ್ಟು ಒಂದಾಗುತ್ತವೆ. ಗೇರ್ ಹಾಕುವುದು ಅಂದರೆ ಇಷ್ಟೇ.

ಜಾಣತನವೆಲ್ಲ ಇರುವುದು ಆ ಡಾಗ್ ಹಲ್ಲಿನ ಆಕಾರದಲ್ಲಿ. ಅದರ ಮೂತಿ ಮನೆಯ ಸೂರಿನಂತೆ ಎರಡೂ ಕಡೆಗೆ ಇಳಿಜಾರು, ಸ್ಲೀವ್ ಸಲೀಸಾಗಿ ಹೊಗಲಿ ಅಂತ. ಮೂತಿಯ ಹಿಂದೆ ಹಲ್ಲು ಬುಡದ ಕಡೆಗೆ ತುಸು ಕಿರಿದಾಗುತ್ತ ಹೋಗುತ್ತದೆ. ತಲೆ ಅಗಲ, ಬುಡ ಸಣ್ಣ. ವ್ಯತ್ಯಾಸ ಬರೀ ಕೆಲವು ಡಿಗ್ರಿ, ಕಣ್ಣಿಗೆ ತಟ್ಟನೆ ಕಾಣದಷ್ಟು. ಸ್ಲೀವಿನ ಒಳಹಲ್ಲಿಗೂ ಅದಕ್ಕೆ ಒಪ್ಪುವ ಓರೆ ಇರುತ್ತದೆ. ಎಂಜಿನ್ನಿನ ಬಲ ಬಿದ್ದಾಗ ಈ ಓರೆಯ ಮೈಗಳು ಒಂದನ್ನೊಂದು ಒತ್ತುತ್ತವೆ, ಸ್ಲೀವ್ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಬಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಅಂದರೆ ಗೇರನ್ನು ಗೇರಿನಲ್ಲಿಡುವುದು ಎಂಜಿನ್ನಿನ ಬಲವೇ. ಲಿವರ್ ಅಲ್ಲ, ಫೋರ್ಕ್ ಅಲ್ಲ. ಬಾಕ್ಸಿನೊಳಗೆ ಫೋರ್ಕನ್ನು ಹೊತ್ತ ರಾಡಿನ ಗುಳಿಯೊಳಕ್ಕೆ ಬಿದ್ದು 'ಕಟಕ್' ಅನ್ನುವ ಸ್ಪ್ರಿಂಗು-ಗುಂಡಿನ ಡಿಟೆಂಟ್ ಕೂಡ ಅಲ್ಲ, ಅದು ಜಾಗ ತೋರಿಸಿ ಹಗುರವಾಗಿ ತಡೆಯುತ್ತದೆ ಅಷ್ಟೇ. ಮನುಷ್ಯನ ಕೈಗಂತೂ ಈ ವ್ಯವಹಾರದಲ್ಲಿ ಪಾಲೇ ಇಲ್ಲ.

ಆದರೆ ಆ ಓರೆ ಸವೆದು ಎದುರು ದಿಕ್ಕಿಗೆ ತಿರುಗಿದರೆ ಅದೇ ಬಲ ಸ್ಲೀವನ್ನು ಹೊರಕ್ಕೆ ತಳ್ಳುತ್ತದೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ತಿಳಿಸಿದವರು ಗೇರ್‌ಬಾಕ್ಸ್ ಕೆಲಸದಲ್ಲೇ ತಲೆ ಹಣ್ಣಾದ ಒಬ್ಬ ಮೆಕ್ಯಾನಿಕ್. ಅವರು ಕಾರಿನ ಹತ್ತಿರವೂ ಬರಲಿಲ್ಲ, ಕೂತಲ್ಲಿಂದಲೇ ಕೇಳಿದರು.

"ಎಗರೋದು ಯಾವಾಗ? ಒತ್ತಿದಾಗಲೋ, ಬಿಟ್ಟಾಗಲೋ?"

"ಬಿಟ್ಟಾಗ ಸಾರ್. ಒತ್ತಿದಾಗ ಕಲ್ಲಿನ ಹಾಗೆ ನಿಲ್ಲುತ್ತೆ."

"ಮೂರರಲ್ಲಿ ಮಾತ್ರಾನಾ? ನಾಕರಲ್ಲಿ?"

"ನಾಕರಲ್ಲಿ ಏನೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನಗೆ ಅರ್ಥವಾಗದ ಒಂದು ಪ್ರಶ್ನೆ ಹಾಕಿದರು. "ಗಾಡಿ ಓಡಿಸುವಾಗ ಸ್ಟಿಯರಿಂಗ್ ಮೇಲಿಲ್ಲದ ಕೈ ಎಲ್ಲಿರುತ್ತೆ ನಿಮ್ದು?"

ನಾನು ನಕ್ಕು ಸುಮ್ಮನಾದೆ. ಅವರು ನಗಲಿಲ್ಲ.

ಆ ಮೊದಲ ಎರಡು ಪ್ರಶ್ನೆಗಳಲ್ಲೇ ಅರ್ಧ ತಪಾಸಣೆ ಮುಗಿದಿತ್ತು. ಹಲ್ಲಿಗೆ ಎರಡು ಕೆನ್ನೆ. ಎಂಜಿನ್ ಚಕ್ರವನ್ನು ಎಳೆಯುವಾಗ ಒಂದು ಕೆನ್ನೆಗೆ ಬಲ ಬೀಳುತ್ತದೆ, ಚಕ್ರ ಎಂಜಿನ್ನನ್ನು ಎಳೆಯುವಾಗ ಇನ್ನೊಂದಕ್ಕೆ. ಒಂದೇ ಕಡೆ ಎಗರಿದರೆ ಆ ಕೆನ್ನೆ ಸವೆದಿದೆ ಅನ್ನುವ ಅನುಮಾನ ಮೊದಲು. ಎರಡೂ ಕಡೆ ಎಗರಿದರೆ ಸ್ಲೀವ್ ಪೂರ್ತಿ ಒಳಗೆ ಹೋಗುತ್ತಲೇ ಇಲ್ಲ ಅನ್ನಬಹುದು, ಆಗ ಲಿಂಕೇಜ್, ಫೋರ್ಕ್, ಡಿಟೆಂಟ್ ಕಡೆ ನೋಡಬೇಕು. ಗುಂಡಿಗಳ ಮೇಲೆ ಮಾತ್ರ ಎಗರಿದರೆ ಡಿಟೆಂಟ್ ಸ್ಪ್ರಿಂಗ್ ಸೋತಿರಬಹುದು. ಲಿವರಿಗೆ ಯಾರೋ ಸೇರಿನ ತೂಕದ ಗುಂಡು ಹಾಕಿಸಿರಲೂಬಹುದು. ಬಿಟ್ಟಾಗ ಎಗರುವುದಕ್ಕೆ ಇನ್ನೊಂದು ನೆಪವೂ ಇದೆ. ಈ ಗೇರುಗಳ ಹಲ್ಲು ಓರೆಯಾಗಿ ಕೊರೆದಿರುವುದರಿಂದ ಬಲದ ಜೊತೆಗೆ ಪಕ್ಕಕ್ಕೂ ಒಂದು ನೂಕು ಇರುತ್ತದೆ. ಕಾಲು ತೆಗೆದ ಕೂಡಲೇ ಆ ನೂಕಿನ ದಿಕ್ಕು ತಿರುಗುತ್ತದೆ. ಶಾಫ್ಟಿನ ಮೇಲೆ ಗೇರಿಗೆ ಆಟ ಹೆಚ್ಚಿದ್ದರೆ ಅದೇ ಜಿಗಿದು ಸ್ಲೀವಿನಿಂದ ದೂರ ಸರಿಯುತ್ತದೆ.

ಇಷ್ಟು ಕೇಳಿಕೊಂಡು ಬಂದವನು ಮಾಡಬೇಕಾದ್ದು ಬಾಕ್ಸ್ ಇಳಿಸುವುದು. ನಾನು ಮಾಡಿದ್ದು ಅದನ್ನು ಬಿಟ್ಟು ಉಳಿದ ಎಲ್ಲವನ್ನೂ. ಲಿವರಿನ ರಬ್ಬರ್ ಬೂಟು ತೆಗೆದು, ಲಿವರ್ ಎಲ್ಲಾದರೂ ಕನ್ಸೋಲಿನ ಅಂಚಿಗೆ ತಗಲುತ್ತಿದೆಯೇ ನೋಡಿದೆ. ತಗಲುತ್ತಿರಲಿಲ್ಲ. ಡಿಟೆಂಟಿನ ಸ್ಪ್ರಿಂಗುಗಳು ಈ ಬಾಕ್ಸಿನಲ್ಲಿ ಹೊರಗಿನಿಂದಲೇ, ಮೂರು ಬೋಲ್ಟುಗಳ ಹಿಂದೆ ಸಿಗುತ್ತವೆ. ಹೊಸವು ಹಾಕಿದೆ. ಒಂದು ವಾರ ಎಲ್ಲ ಸರಿಹೋಯಿತು ಅನ್ನಿಸಿತು. ಎಂಟನೇ ದಿನ ಟಕ್.

ಆಮೇಲೆ ಎಣ್ಣೆ. ಗೇರ್ ಆಯಿಲ್ ಬದಲಿಸಿದರೆ ಸರಿಹೋದೀತು ಅನ್ನುವುದು ಗೇರ್‌ಬಾಕ್ಸ್ ಇಳಿಸಲು ಹೆದರುವವರೆಲ್ಲರ ಕೊನೆಯ ಹರಕೆ. ಡ್ರೈನ್ ಪ್ಲಗ್ ಬಿಚ್ಚಿದೆ. ಪ್ಲಗ್ಗಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟು ಮೆತ್ತಿಕೊಂಡಿತ್ತು. ಬೆರಳಲ್ಲಿ ತಿಕ್ಕಿ ನೋಡಿದೆ, ಚೂರು ಇಲ್ಲ, ಚಕ್ಕೆ ಇಲ್ಲ. ಇಷ್ಟು ವರ್ಷದ ಬಾಕ್ಸಿಗೆ ಅಷ್ಟು ಸಹಜ. ಕುಣಿದಾಡುವಷ್ಟು ಖುಷಿಯಾಯಿತು. ಪಾತ್ರೆಯಲ್ಲಿ ಬಿದ್ದಿದ್ದ ಎಣ್ಣೆಯನ್ನು ನೋಡಿದ್ದು ಮಾರನೇ ದಿನ, ಬಿಸಿಲಿನಲ್ಲಿ. ಅಲುಗಿಸಿದರೆ ಒಳಗೆ ಬೆಳ್ಳಿಯ ಜರಿ ಹಾಸಿದ ಹಾಗೆ ಮಿನುಗು. ಅಯಸ್ಕಾಂತ ಹಿಡಿಯುವುದು ಉಕ್ಕನ್ನು. ಅಲ್ಯೂಮಿನಿಯಂ, ಹಿತ್ತಾಳೆ ಅದರ ಪಾಲಿಗೆ ಇಲ್ಲವೇ ಇಲ್ಲ. ನನ್ನ ಬಾಕ್ಸಿನ ಫೋರ್ಕುಗಳು ಅಲ್ಯೂಮಿನಿಯಂ ಅಲಾಯ್‌ನವು.

ಎಣ್ಣೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಡಬ್ಬಿಯ ಮೇಲೆ ಎಣ್ಣೆಯ ಮಂದತೆ ಹೇಳುವ 75ಡಬ್ಲ್ಯು-90 ಅಂತ ಇದ್ದರೆ ಸಾಲದು, ದರ್ಜೆ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ನೋಡಬೇಕು. ಜಿಎಲ್-5 ಇರುವುದು ಮುಖ್ಯವಾಗಿ ಡಿಫರೆನ್ಷಿಯಲ್ಲಿನಲ್ಲಿ ಒಂದರ ಮೇಲೊಂದು ಜಾರುತ್ತ ಕಚ್ಚುವ ಹೈಪಾಯ್ಡ್ ಗೇರುಗಳಿಗೆ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕೆಲವು ಎಣ್ಣೆಗಳು ಹಿತ್ತಾಳೆಯ ಸಿಂಕ್ರೊ ರಿಂಗನ್ನು ನಿಧಾನಕ್ಕೆ ತಿನ್ನುತ್ತವೆ. ತಿನ್ನದಿದ್ದರೂ ಜಾರಿಕೆ ಹೆಚ್ಚಾಗಿ, ರಿಂಗಿಗೆ ಬೇಕಾದ ಘರ್ಷಣೆ ಸಿಗುವುದಿಲ್ಲ. ಕಾರಿನ ಮ್ಯಾನುಯಲ್ ಹೇಳಿದ್ದನ್ನು ಹಾಕಿದರೆ ಮುಗಿಯಿತು, ಹೆಚ್ಚಿನ ಅಂಕಿ ಇದ್ದರೆ ಹೆಚ್ಚು ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ನೆಪಗಳು ಉಳಿದಿರಲಿಲ್ಲ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ನುಗ್ಗುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಬ್ಯಾಟರಿ ಕಳಚಿದೆ, ಎಕ್ಸಾಸ್ಟ್ ಇಳಿಸಿದೆ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುನ್ನ ಫ್ಲ್ಯಾಂಜಿಗೆ ಬಣ್ಣದಲ್ಲಿ ಗುರುತು ಹಾಕಿದೆ. ಸ್ಟಾರ್ಟರ್ ಮೋಟಾರ್ ತೆಗೆದೆ. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು ಪೈಪು ಬಿಚ್ಚದೆ ಪಕ್ಕಕ್ಕೆ ಕಟ್ಟಿದೆ. ಇಷ್ಟೂ ಬರೀ ಬೆವರಿನ ಕೆಲಸ.

ಪರೀಕ್ಷೆ ಇದ್ದದ್ದು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚದ, ಅಂದರೆ ಬೆಲ್ ಹೌಸಿಂಗಿನ, ಮೇಲಿನ ಎರಡು ಬೋಲ್ಟುಗಳಲ್ಲಿ. ಅವು ಕಾಣುವುದಿಲ್ಲ. ಕಾರಿನ ಕೆಳಗೆ ಅಂಗಾತ ಮಲಗಿ, ಬಾಕ್ಸಿಗೂ ಸುರಂಗಕ್ಕೂ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ತೋಳು ತೂರಿಸಿ, ಬೆರಳ ತುದಿಯಲ್ಲಿ ಬೋಲ್ಟಿನ ತಲೆ ಹುಡುಕಬೇಕು. ಸಿಕ್ಕಿತು ಅನ್ನುವಷ್ಟರಲ್ಲಿ ಅದು ಯಾವುದೋ ವೈರಿಂಗ್ ಕ್ಲಿಪ್ ಆಗಿರುತ್ತದೆ. ಎರಡು ಎಕ್ಸ್‌ಟೆನ್ಷನ್ ರಾಡು ಜೋಡಿಸಿ, ತುದಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿ, ಸಾಕೆಟ್ಟನ್ನು ಒಂದು ಕೈಯಲ್ಲಿ ಬೋಲ್ಟಿಗೆ ಕೂರಿಸಿ, ಇನ್ನೊಂದು ಕೈಯಲ್ಲಿ ಗೇರ್‌ಬಾಕ್ಸಿನ ಬಾಲದ ಹತ್ತಿರ ರಾಟ್ಚೆಟ್ ಎಳೆಯಬೇಕು. ಎಳೆದೆ. ಬಗ್ಗಲಿಲ್ಲ. ಬಾಕ್ಸಿನ ಹಿಂಬದಿಯನ್ನು ಜಾಕಿನ ಮೇಲೆ ನಾಲ್ಕು ಬೆರಳು ಇಳಿಸಿದರೆ ಮೇಲೆ ಜಾಗ ಬಿಡುತ್ತದೆ ಅಂತ ಹೊಳೆಯಲು ಅರ್ಧ ದಿನ ಬೇಕಾಯಿತು. ಆಮೇಲೆ ಎಳೆದಾಗ ಬೋಲ್ಟು ಕೀರ್ ಅಂದಿತು. ಮುರಿಯಿತೇನೋ ಅಂತ ಜೀವ ಬಾಯಿಗೆ ಬಂತು. ಮುರಿದಿರಲಿಲ್ಲ, ಸಡಿಲವಾಗಿತ್ತು. ಎರಡೂ ಸದ್ದು ಒಂದೇ ಥರ ಇರುತ್ತದೆ, ನೋಡಿ.

ಬಾಕ್ಸನ್ನು ಹಿಂದಕ್ಕೆ ಎಳೆದು ಇಳಿಸುವಾಗ ಅದರ ಭಾರ ಎಂಜಿನ್ನಿನ ಬಲವನ್ನು ಒಳತರುವ ಇನ್‌ಪುಟ್ ಶಾಫ್ಟಿನ ಮೇಲೆ ತೂಗಬಾರದು. ಶಾಫ್ಟು ಇನ್ನೂ ಕ್ಲಚ್ ಪ್ಲೇಟಿನೊಳಗೇ ಇರುತ್ತದೆ. ಬಾಕ್ಸ್ ಜೋತುಬಿದ್ದರೆ ಪ್ಲೇಟು ಸೊಟ್ಟಗಾಗಿ, ಇಲ್ಲದ ಹೊಸ ಕಾಯಿಲೆಯೊಂದು ಬರುತ್ತದೆ. ಜಾಕಿಗೆ ಬೆಲ್ಟು ಬಿಗಿದು, ಎಂಜಿನ್ನಿನ ನೇರಕ್ಕೇ ಹಿಂದಕ್ಕೆ ತಂದು, ಶಾಫ್ಟು ಪೂರ್ತಿ ಹೊರಬಂದಮೇಲಷ್ಟೇ ಇಳಿಸಿದೆ.

ಮೇಜಿನ ಮೇಲೆ ಬಾಕ್ಸ್ ತೆರೆದ ದಿನ ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಸರ್ಕ್ಲಿಪ್ ಯಾವ ಮುಖ ಮೇಲಿತ್ತು, ಥ್ರಸ್ಟ್ ವಾಷರಿನ ಗೀರು ಯಾವ ಕಡೆಗಿತ್ತು, ಎಲ್ಲವನ್ನೂ. ಹಬ್ಬಿಗೂ ಸ್ಲೀವಿಗೂ ಒಂದೇ ಗೆರೆಯ ಗುರುತು ಹಾಕಿದೆ. ಅವು ಜೋಡಿಯಾಗಿ ಸವೆದವು, ಬೇರೆ ಹಲ್ಲಿಗೆ ಕೂರಿಸಿದರೆ ಕಾಡುತ್ತವೆ. ಬೇರಿಂಗನ್ನು ಪುಲ್ಲರಿನಿಂದ ಎಳೆದು, ಮೂರನೇ ಗೇರನ್ನು ಶಾಫ್ಟಿನಿಂದ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.

ಡಾಗ್ ಹಲ್ಲಿನ ಮೇಲೆ ಉಗುರು ಆಡಿಸಿದೆ. ಒಂದು ಕೆನ್ನೆಯಲ್ಲಿ ಉಗುರು ಬುಡದಿಂದ ಮೇಲಕ್ಕೆ ಬರುವಾಗ ತಲೆಯ ಅಂಚಿಗೆ ತಗುಲಿ ನಿಂತಿತು, ಅದು ಸರಿಯಿರುವ ಕಡೆ. ಇನ್ನೊಂದು ಕೆನ್ನೆಯಲ್ಲಿ ಉಗುರು ಎಲ್ಲೂ ತಗಲದೆ ಜಾರಿ ಹೊರಬಂತು, ನದಿಯ ಕಲ್ಲಿನ ಮೇಲೆ ಜಾರಿದ ಹಾಗೆ. ಸವೆತದ ಹೊಳಪು ಹಲ್ಲಿನ ಮುಂದಿನ ಅರ್ಧಕ್ಕೆ ಮಾತ್ರ ಇತ್ತು. ಹಿಂದಿನ ಅರ್ಧದಲ್ಲಿ ಕಾರ್ಖಾನೆಯಲ್ಲಿ ಕೊರೆದಾಗಿನ ಗೀರುಗಳು ಹಾಗೇ ಉಳಿದಿದ್ದವು. ಅಂದರೆ ಸ್ಲೀವ್ ಅಲ್ಲಿಗೆ ಬಹುಕಾಲದಿಂದ ಮುಟ್ಟೇ ಇಲ್ಲ. ಅರ್ಧ ಹಲ್ಲಿನ ಮೇಲೆ ಪೂರ್ತಿ ಎಂಜಿನ್ನಿನ ಭಾರ ಬಿದ್ದಿದೆ, ಆ ಅರ್ಧ ದುಂಡಗಾಗಿದೆ.

ಸ್ಲೀವ್ ಯಾಕೆ ಮುಟ್ಟಲಿಲ್ಲ? ಮೂರು-ನಾಲ್ಕರ ಫೋರ್ಕ್ ಎತ್ತಿಕೊಂಡೆ. ಇದೊಂದೇ ಫೋರ್ಕ್ ಸ್ಲೀವನ್ನು ಒಂದು ಕಡೆ ತಳ್ಳಿದರೆ ಮೂರು, ಇನ್ನೊಂದು ಕಡೆ ತಳ್ಳಿದರೆ ನಾಲ್ಕು. ನಾಲ್ಕಕ್ಕೆ ತಳ್ಳುವ ಮುಖ ಹೊಸದರಂತಿತ್ತು. ಮೂರಕ್ಕೆ ತಳ್ಳುವ ಮುಖ ಚಮಚದ ಒಳಮೈಯಂತೆ ತಗ್ಗಾಗಿತ್ತು. ಸ್ಲೀವಿನ ತೋಡಿನಲ್ಲಿಟ್ಟು ಫೀಲರ್ ಗೇಜ್ ತೂರಿಸಿದೆ. ಮ್ಯಾನುಯಲ್ ಕೊಟ್ಟಿದ್ದ ಮಿತಿಯ ಎರಡರಷ್ಟು ಸಂದು.

ಆಗ ನೆನಪಾಯಿತು ಆ ಹಿರಿಯರ ಪ್ರಶ್ನೆ.

ಗೇರ್ ಹಾಕಿಯಾದಮೇಲೆ ಫೋರ್ಕ್ ಸ್ಲೀವಿನ ತೋಡಿನಲ್ಲಿ ಯಾವುದಕ್ಕೂ ತಗಲದೆ ಸುಮ್ಮನೆ ತೇಲುತ್ತಿರಬೇಕು. ಸ್ಲೀವ್ ಶಾಫ್ಟಿನ ಜೊತೆ ಗಿರಗಿರನೆ ಸುತ್ತುತ್ತಿರುತ್ತದೆ, ಫೋರ್ಕ್ ಸುತ್ತುವುದಿಲ್ಲ. ಲಿವರ್ ಮೇಲೆ ಕೈಯಿಟ್ಟರೆ, ಎಷ್ಟೇ ಹಗುರವಾಗಿರಲಿ, ಆ ಒತ್ತಡ ಲಿವರಿನ ಮೇಲೂ ಕೆಳಗಿನ ಉದ್ದದ ಲೆಕ್ಕದಲ್ಲಿ ಹಲವು ಪಟ್ಟಾಗಿ ಫೋರ್ಕನ್ನು ಆ ಸುತ್ತುವ ಉಕ್ಕಿಗೆ ಒತ್ತುತ್ತದೆ. ನನ್ನ ಸ್ಲೀವಿನ ತೋಡಿನ ವ್ಯಾಸ ಸುಮಾರು 80 ಮಿ.ಮೀ. ಒಂದು ಸುತ್ತು ಅಂದರೆ 25 ಸೆಂ.ಮೀ. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಶಾಫ್ಟು ಸುಮಾರು 3,000 ಸುತ್ತು. ಗುಣಿಸಿದರೆ ನಿಮಿಷಕ್ಕೆ 750 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಆ ವೇಗದಲ್ಲಿ ಓಡುವ ಉಕ್ಕಿನ ಅಂಚಿಗೆ ನಾನು ಅಲ್ಯೂಮಿನಿಯಂ ತುಂಡೊಂದನ್ನು ಒತ್ತಿ ಹಿಡಿದಿದ್ದೆ. ಎಂಟು ತಿಂಗಳು.

ಎಂಟೇ ತಿಂಗಳೂ ಅಲ್ಲ. ಸತ್ಯ ಹೇಳಬೇಕೆಂದರೆ ಗೇರು ಎಗರಲು ಶುರುವಾಗುವ ಎಷ್ಟೋ ಮುಂಚಿನಿಂದ ನನ್ನ ಕೈ ಆ ಲಿವರ್ ಮೇಲೇ ಇತ್ತು. ಚೆನ್ನಾಗಿರುತ್ತದೆ ಹಾಗೆ ಇಟ್ಟುಕೊಂಡರೆ. ಅಂಗೈಯಡಿ ಯಂತ್ರದ ನಡುಕ ಸಿಗುತ್ತದೆ, ಕಾರಿನ ನಾಡಿ ಹಿಡಿದ ಹಾಗೆ. ಮೂರನೇ ಗೇರು ಲಿವರಿನ ಮುಂದಿನ ತುದಿಯಲ್ಲಿದೆ. ಅಲ್ಲಿ ಕೈಯಿಟ್ಟರೆ ತೋಳಿನ ಭಾರ ತಾನಾಗಿ ಮುಂದಕ್ಕೇ ಬೀಳುತ್ತದೆ. ಹಾಗೆ ಫೋರ್ಕಿನ ಆ ಮುಖ ತೆಳ್ಳಗಾಯಿತು. ತೆಳ್ಳಗಾದ ಫೋರ್ಕ್ ಸ್ಲೀವನ್ನು ಪೂರ್ತಿ ತಳ್ಳಲಾರದಾಯಿತು, ಅರ್ಧ ಹಲ್ಲು ದುಂಡಗಾಯಿತು, ಗೇರು ಎಗರಿತು. ಎಗರದ ಹಾಗೆ ಇನ್ನೂ ಜೋರಾಗಿ ಒತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಎಣ್ಣೆಯಲ್ಲಿ ಮಿನುಗುತ್ತಿದ್ದ ಬೆಳ್ಳಿಯ ಜರಿ ಬೇರೆಲ್ಲಿಂದಲೂ ಬಂದದ್ದಲ್ಲ.

ಸವೆದ ಹಲ್ಲಿಗೆ ಗ್ರೈಂಡರ್ ಹಿಡಿದು ಮತ್ತೆ ಓರೆ ಕೊಟ್ಟರೆ ಹೇಗೆ ಅನ್ನುವ ಯೋಚನೆ ಬಂತು, ಸುಳ್ಳೇಕೆ. ಆ ಥರ ಓರೆ ಕೊಡುವ ಕೆಲಸ ಇಲ್ಲದಿಲ್ಲ. ಬೈಕಿನ ಗೇರ್‌ಬಾಕ್ಸುಗಳ ಡಾಗುಗಳಿಗೆ, ರೇಸಿಂಗ್ ಬಾಕ್ಸುಗಳಿಗೆ ಅದನ್ನು ಮಾಡಿಕೊಡುವವರಿದ್ದಾರೆ. ಆದರೆ ಅವರು ಮಾಡುವುದು ಮೆಷಿನ್ನಿನಲ್ಲಿ, ಪ್ರತಿ ಹಲ್ಲಿಗೂ ಒಂದೇ ಕೋನ, ಒಂದೇ ಆಳ. ಕೈಯಲ್ಲಿ ಹಿಡಿದ ಗ್ರೈಂಡರಿಗೆ ಅದು ಆಗದ ಮಾತು. ಮೂರು ಹಲ್ಲು ಮಾತ್ರ ಎತ್ತರ ಉಳಿದರೆ ಇಡೀ ಗೇರಿನ ಭಾರ ಆ ಮೂರರ ಮೇಲೆ. ಮೇಲಾಗಿ ಗಟ್ಟಿ ಮಾಡಿದ ಪದರ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ, ಅದನ್ನೇ ಉಜ್ಜಿ ತೆಗೆದರೆ ಕೆಳಗಿರುವುದು ಮೆತ್ತನೆಯ ಉಕ್ಕು. ಹೊಸ ಮೂರನೇ ಗೇರು, ಹಬ್-ಸ್ಲೀವ್ ಜೋಡಿ, ಫೋರ್ಕ್, ಮೂರು-ನಾಲ್ಕರ ಸಿಂಕ್ರೊ ರಿಂಗುಗಳು, ಮುಖ್ಯ ಶಾಫ್ಟಿನ ಬೇರಿಂಗುಗಳು, ಆಯಿಲ್ ಸೀಲುಗಳು ತರಿಸಿದೆ. ಗೇರು ಹೊಸದು ಹಾಕಿ ಸ್ಲೀವ್ ಹಳೆಯದೇ ಉಳಿಸುವುದು ಅರ್ಧ ಚೌಕಾಸಿ. ಸವೆದ ಸ್ಲೀವು ಹೊಸ ಹಲ್ಲನ್ನೂ ತನ್ನಂತೆಯೇ ಮಾಡಿಕೊಳ್ಳುತ್ತದೆ.

ಮುಖ್ಯ ಶಾಫ್ಟಿನ ಗೇರುಗಳ ಜೋಡಿಗಳನ್ನು ಹೊತ್ತ ಪಕ್ಕದ ಶಾಫ್ಟು, ಅಂದರೆ ಕೌಂಟರ್‌ಶಾಫ್ಟಿನ ಬೇರಿಂಗುಗಳನ್ನು ಮಾತ್ರ ಬದಲಿಸಲಿಲ್ಲ. ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುತ್ತಿದ್ದವು. ಇದು ನೆನಪಿರಲಿ.

ಜೋಡಿಸುವ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಬೇರಿಂಗ್ ಕೂರಿಸುವುದು. ತಣ್ಣಗಿದ್ದಾಗ ಸುತ್ತಿಗೆಯಲ್ಲಿ ಬಡಿದು ಕೂರಿಸುವವರಿದ್ದಾರೆ, ಆ ಏಟು ಗುಂಡುಗಳ ಮೂಲಕ ಹಾದು ಅವು ಓಡುವ ದಾರಿಯಲ್ಲಿ ಗುಳಿ ಬಿಡಬಹುದು. ಕಾಯಿಸಬೇಕು. 35 ಮಿ.ಮೀ. ರಂಧ್ರದ ಬೇರಿಂಗನ್ನು 80 ಡಿಗ್ರಿಯಷ್ಟು ಬಿಸಿ ಏರಿಸಿದರೆ ರಂಧ್ರ ಹಿಗ್ಗುವುದು ಬರೀ 0.03 ಮಿ.ಮೀ. ಅಷ್ಟು ಸಾಕು. ಕೈಗವಸು ಹಾಕಿಕೊಂಡು ಶಾಫ್ಟಿನ ತುದಿಗಿಟ್ಟು ಕೈ ಬಿಟ್ಟರೆ, ತನ್ನ ಭಾರಕ್ಕೇ ಸರ್ರನೆ ಇಳಿದು ಠಣ್ ಅಂತ ಬುಡಕ್ಕೆ ಹೋಗಿ ಕೂರುತ್ತದೆ. ಎರಡು ಸೆಕೆಂಡ್ ತಡ ಮಾಡಿದರೆ ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಹಾಗೆ ಕಚ್ಚಿಕೊಂಡಿತು, ಆ ಕಥೆ ಬೇಡ.

ಕೇಸ್ ಮುಚ್ಚಿ, ಸೀಲಂಟ್ ಹಚ್ಚಿ, ಬೋಲ್ಟುಗಳನ್ನೆಲ್ಲ ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಕೈ ಒರೆಸಿಕೊಂಡು ಟ್ರೇ ನೋಡಿದೆ. ಅದರ ಮೂಲೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಪಿನ್ನು.

ಇಂಥ ಹೊತ್ತಿನಲ್ಲಿ ಮನಸ್ಸು ಎಂಥೆಂಥ ವಾದ ಹೂಡುತ್ತದೆ ಅಂದರೆ ನಗು ಬರುತ್ತದೆ. ಕಿಟ್ಟಿನಲ್ಲಿ ಹೆಚ್ಚುವರಿ ಬಂದಿರಬಹುದು. ಬೇರೆ ಯಾವುದರದೋ ಇರಬಹುದು. ಫೋಟೋಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದೆ. ನೂರ ನಲವತ್ತರ ಆಸುಪಾಸಿನ ಒಂದರಲ್ಲಿ ಸಿಕ್ಕಿತು. ಶಿಫ್ಟ್ ರಾಡುಗಳ ನಡುವಿನ ಇಂಟರ್‌ಲಾಕ್ ಪಿನ್. ಒಂದು ರಾಡು ಸರಿದಾಗ ಉಳಿದವು ಅಲ್ಲಾಡದಂತೆ ತಡೆಯುವುದು ಅದೇ. ಅದಿಲ್ಲದಿದ್ದರೆ ಒಂದೇ ಹೊತ್ತಿಗೆ ಎರಡು ಗೇರು ಬೀಳಲು ದಾರಿಯಾಗುತ್ತದೆ. ಒಂದೇ ಶಾಫ್ಟಿಗೆ ಎರಡು ಬೇರೆ ವೇಗ ಸಾಧ್ಯವಿಲ್ಲದ್ದರಿಂದ ಬಾಕ್ಸ್ ಹಾಗೇ ಬಿಗಿದು, ಓಡುತ್ತಿರುವ ಕಾರಿನ ಹಿಂಚಕ್ರಗಳು ನಿಂತುಬಿಡುತ್ತವೆ. ಮೇಜಿನ ಮೇಲಿದ್ದ ಬಾಕ್ಸಿನಲ್ಲೇ ಪರೀಕ್ಷಿಸಿದೆ. ಸ್ಕ್ರೂಡ್ರೈವರಿನಿಂದ ಒಂದು ರಾಡನ್ನು ಮೂರಕ್ಕೆ ಸರಿಸಿ, ಇನ್ನೊಂದನ್ನು ಎರಡಕ್ಕೆ ತಳ್ಳಿದೆ. ಎರಡೂ ಹೋದವು. ಇನ್‌ಪುಟ್ ಶಾಫ್ಟು ಬಂಡೆಯಂತಾಯಿತು.

ಬೋಲ್ಟುಗಳನ್ನೆಲ್ಲ ಮತ್ತೆ ಬಿಚ್ಚಿದೆ. ಸೀಲಂಟ್ ಕೆರೆದೆ. ಪಿನ್ನಿಗೆ ಗ್ರೀಸ್ ಹಚ್ಚಿ ಅದರ ಗೂಡಿನಲ್ಲಿ ಅಂಟಿಸಿ, ಮತ್ತೆ ಮುಚ್ಚಿದೆ. ಈ ಸಲ ಟ್ರೇ ಖಾಲಿಯಿತ್ತು. ಆದರೂ ಎರಡು ಸಲ ತಡವಿದೆ.

ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಹಿಡಿಯುವ ಅಲೈನ್‌ಮೆಂಟ್ ಟೂಲ್ ಹಾಕಿ ಬಾಕ್ಸ್ ಏರಿಸಿದ್ದರಿಂದ ಶಾಫ್ಟು ಹೆಚ್ಚು ತಕರಾರಿಲ್ಲದೆ ಹೊಕ್ಕಿತು. ಮೇಲಿನ ಎರಡು ಬೋಲ್ಟುಗಳ ಜಾಗ ಈಗ ಬೆರಳಿಗೇ ಗೊತ್ತಿತ್ತು. ಎಣ್ಣೆ ತುಂಬಿದೆ. ಮೊದಲು ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಐದೂ ಗೇರು, ರಿವರ್ಸು ಎಲ್ಲ ಹಾಕಿ ನೋಡಿದೆ. ಆಮೇಲೆ ನೆಲಕ್ಕಿಳಿಸಿದೆ.

ಅದೇ ಇಳಿಜಾರು. ಮೂರನೇ ಗೇರು. ಕಾಲು ತೆಗೆಯುವ ಹೊತ್ತಿಗೆ ನನ್ನ ಕೈ ಸ್ಟಿಯರಿಂಗ್ ಬಿಟ್ಟು ಅರ್ಧ ದಾರಿ ಬಂದಾಗಿತ್ತು. ವಾಪಸ್ ಕರೆಸಿಕೊಂಡೆ. ಕಾಲು ತೆಗೆದೆ. ಎಂಜಿನ್ ಗುರ್ ಅಂತ ಕಾರನ್ನು ಹಿಂದಕ್ಕೆ ಹಿಡಿಯಿತು. ಲಿವರ್ ಚೂರು ನಡುಗಿತು, ಇದ್ದಲ್ಲೇ ಇತ್ತು. ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ. ತಿರುವು ಮುಗಿದಮೇಲೂ ಹುಡುಗರ ಹಾಗೆ ಒತ್ತುವುದು, ಬಿಡುವುದು ಮಾಡುತ್ತಲೇ ಇದ್ದೆ. ಹಿಂದಿನ ಕಾರಿನವರು ಏನಂದುಕೊಂಡರೋ.

ಆಗ ಕೇಳಿಸಿತು. ಸಣ್ಣಗೆ, ದೂರದಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ ಒಂದು ಕುಯ್ಞ್. ಎರಡನೇ ಗೇರಿಗೆ ಹಾಕಿದೆ, ಇತ್ತು. ಐದಕ್ಕೆ ಹಾಕಿದೆ, ಇತ್ತು. ನಾಲ್ಕಕ್ಕೆ ಹಾಕಿದೆ, ಮಾಯ. ಈ ಬಾಕ್ಸಿನಲ್ಲಿ ನಾಲ್ಕನೇ ಗೇರು ಅಂದರೆ ಇನ್‌ಪುಟ್ ಶಾಫ್ಟೂ ಮುಖ್ಯ ಶಾಫ್ಟೂ ನೇರ ಕೈಹಿಡಿದಂತೆ, ಕೌಂಟರ್‌ಶಾಫ್ಟಿನ ಮೇಲೆ ಭಾರವೇ ಬೀಳುವುದಿಲ್ಲ. ಉಳಿದ ಎಲ್ಲ ಗೇರಿನಲ್ಲೂ ಬೀಳುತ್ತದೆ. ಬೆರಳಲ್ಲಿ ತಿರುಗಿಸಿದಾಗ ನುಣ್ಣಗಿದ್ದವಲ್ಲ, ಆ ಬೇರಿಂಗುಗಳು.

ಗೇರ್‌ಬಾಕ್ಸಿನ ಹಿರಿಯರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕುಯ್ಞ್ ಬಗ್ಗೆಯೂ ಹೇಳಿದೆ. ಅವರು ಅದರ ಬಗ್ಗೆ ಏನೂ ಅನ್ನಲಿಲ್ಲ. "ಕೈ?" ಅಂದರು.

"ಸ್ಟಿಯರಿಂಗ್ ಮೇಲಿದೆ ಸಾರ್" ಅಂದೆ. ಫೋನು ಹಿಡಿದಿದ್ದು ನಿಂತ ಕಾರಿನಲ್ಲಿ, ಇನ್ನೊಂದು ಕೈ ಲಿವರ್ ಮೇಲಿತ್ತು.